ರಸೀದಿ ಪುಸ್ತಕ ಮರೆತ ಪಕ್ಷಗಳು

ನಾನು ಪ್ರೌಢಶಾಲೆಯಲ್ಲಿದ್ದಾಗ ಚುನಾವಣೆ ಬಂತೆಂದರೆ ಪಕ್ಷದ ಕಾರ್ಯಕರ್ತರು ರಸೀದಿ ಪುಸ್ತಕ ಹಿಡಿದು ನಮ್ಮ ಮನೆಯ ಜಗಲಿಗೆ ಬರುತ್ತಿದ್ದರು. ಅಪ್ಪ ಎರಡು ರೂಪಾಯಿ ಕೊಡುತ್ತಿದ್ದರು. ಕೊಡುವ ಮುನ್ನ, ಕಳೆದ ಸಲ ಮಾತು ಕೊಟ್ಟಿದ್ದ ಕೆರೆ ಏರಿಯ ದುರಸ್ತಿ ಏನಾಯಿತೆಂದು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಈಗಲೂ ಮತದಾನದ ಹಿಂದಿನ ರಾತ್ರಿ ಅದೇ ಜಗಲಿಗೆ ಜನ ಬರುತ್ತಾರೆ. ಅವರ ಕೈಯಲ್ಲಿರುವುದು ರಸೀದಿಯಲ್ಲ, ಲಕೋಟೆ. ಹಣ ಪಡೆದವರನ್ನು ಪ್ರಶ್ನಿಸುತ್ತಿದ್ದ ಮನೆಯೇ ಇಂದು ಹಣ ಪಡೆದು ಮೌನವಾಗಿದೆ.

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಮಲೆನಾಡಿನಲ್ಲಿ ಮತದ ಜೊತೆಗೆ ಒಂದು ನೋಟನ್ನೂ ಕೇಳುತ್ತಿದ್ದರೆಂಬುದು ಕರ್ನಾಟಕಕ್ಕೆ ಗೊತ್ತಿರುವ ಸಂಗತಿ. ಅದು ಬಡ ಅಭ್ಯರ್ಥಿಯ ಅನಿವಾರ್ಯತೆ ಮಾತ್ರವಾಗಿರಲಿಲ್ಲ; ತಾನು ಯಾರಿಗೆ ಋಣಿ ಎಂಬುದರ ಬಹಿರಂಗ ಘೋಷಣೆಯೂ ಆಗಿತ್ತು.

ಪಕ್ಷಗಳಿಲ್ಲದೆ ಪ್ರಜಾಪ್ರಭುತ್ವ ನಡೆಯದು. ಚದುರಿದ ಬೇಡಿಕೆಗಳನ್ನು ಕಾರ್ಯಕ್ರಮವಾಗಿ ರೂಪಿಸುವವು, ಸರ್ಕಾರ ರಚಿಸುವವು ಅವೇ. ಅವಕ್ಕೆ ಹಣವೂ ಬೇಕು. ಆದರೆ ನಮ್ಮ ಕಾನೂನು ಈ ಸತ್ಯವನ್ನು ಅರೆಮನಸ್ಸಿನಿಂದಷ್ಟೇ ಒಪ್ಪಿದೆ. ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿಯ ವೆಚ್ಚಕ್ಕೆ 95 ಲಕ್ಷ, ವಿಧಾನಸಭಾ ಅಭ್ಯರ್ಥಿಗೆ 40 ಲಕ್ಷ ರೂಪಾಯಿ ಮಿತಿಯನ್ನು 2022ರಲ್ಲಿ ನಿಗದಿಪಡಿಸಲಾಯಿತು. ಪಕ್ಷದ ಒಟ್ಟು ವೆಚ್ಚಕ್ಕೆ ಮಾತ್ರ ಮಿತಿಯೇ ಇಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ ಇದು.

ಕಂಪೆನಿಗಳು ದೇಣಿಗೆ ನೀಡುವುದನ್ನು 1969ರಲ್ಲಿ ನಿಷೇಧಿಸಲಾಯಿತು. 1985ರಲ್ಲಿ ನಿಷೇಧ ತೆರವಾಯಿತು. 2017ರ ಹಣಕಾಸು ಕಾಯ್ದೆಯ ಮೂಲಕ ಕಂಪೆನಿಗಳ ದೇಣಿಗೆಗೆ ಇದ್ದ ಲಾಭದ ಶೇ 7.5ರ ಮಿತಿಯನ್ನೂ ತೆಗೆದು, ಚುನಾವಣಾ ಬಾಂಡ್‌ಗಳಿಗೆ ದಾರಿ ಮಾಡಲಾಯಿತು. 2018ರಿಂದ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಮೌಲ್ಯದ ಬಾಂಡ್‌ಗಳು ಮಾರಾಟವಾದವು. ಕೊಟ್ಟವರಾರು, ಪಡೆದವರಾರು ಎಂಬುದು ಮತದಾರನಿಗೆ ತಿಳಿಯಲಿಲ್ಲ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಈ ಯೋಜನೆಯನ್ನು ರದ್ದುಪಡಿಸಿ, ಮತದಾರನಿಗೆ ತಿಳಿಯುವ ಹಕ್ಕಿದೆ ಎಂದು ಸ್ಪಷ್ಟಪಡಿಸಿತು.

ತೀರ್ಪು ಸ್ವಾಗತಾರ್ಹ. ಆದರೆ ಬಾಂಡ್ ಹೋದ ಮಾತ್ರಕ್ಕೆ ಪಕ್ಷಗಳ ಹಸಿವು ಇಂಗುವುದಿಲ್ಲ. ಹಾಗಾದರೆ ಸರ್ಕಾರವೇ ಹಣ ಕೊಡಲಿ ಎಂಬ ವಾದವಿದೆ. ಇಂದ್ರಜಿತ್ ಗುಪ್ತ ಸಮಿತಿ 1998ರಲ್ಲಿಯೇ ಮಾನ್ಯತೆ ಪಡೆದ ಪಕ್ಷಗಳಿಗೆ ವಸ್ತುರೂಪದ ನೆರವನ್ನು ಶಿಫಾರಸು ಮಾಡಿತ್ತು. ನನ್ನ ಆತಂಕವೆಂದರೆ, ಖಜಾನೆಯಿಂದ ನೇರವಾಗಿ ಹಣ ಪಡೆಯುವ ಪಕ್ಷ ಉದ್ಯಮಿಯ ಹಂಗನ್ನು ತೊರೆದರೂ ಜನರ ಜಗಲಿಗೆ ಮರಳಬೇಕಾಗಿಲ್ಲ.

ಜರ್ಮನಿಯ ಕ್ರಮ ಇಲ್ಲಿ ಗಮನಾರ್ಹ. ಅಲ್ಲಿ ಪಕ್ಷ ಪಡೆದ ಮತಗಳಿಗೆ ನೆರವು ನೀಡುವುದರ ಜೊತೆಗೆ, ವ್ಯಕ್ತಿಗಳು ಕೊಡುವ ಸಣ್ಣ ದೇಣಿಗೆಯ ಪ್ರತಿ ಯೂರೊಗೆ ಸರ್ಕಾರ 45 ಸೆಂಟ್ ಸೇರಿಸುತ್ತದೆ. ಪಕ್ಷ ಸ್ವತಃ ಸಂಗ್ರಹಿಸಿದ ಹಣಕ್ಕಿಂತ ಹೆಚ್ಚಿನ ನೆರವು ಸಿಗುವುದಿಲ್ಲ. ಅಂದರೆ ಖಜಾನೆಯ ಬಾಗಿಲು ತೆರೆಯಬೇಕಾದರೆ ಮೊದಲು ಪ್ರಜೆಯ ಬಾಗಿಲು ತಟ್ಟಬೇಕು.

ನಮ್ಮಲ್ಲಿಯೂ ಪಕ್ಷದ ವೆಚ್ಚಕ್ಕೆ ಮಿತಿ ಹಾಕಿ, ಸಣ್ಣ ವಂತಿಗೆಗೆ ಸಮನಾದ ನೆರವನ್ನು ಜೋಡಿಸಬಹುದು. ಇಪ್ಪತ್ತು ಸಾವಿರ ರೂಪಾಯಿವರೆಗೆ ಕೊಟ್ಟವರ ಹೆಸರನ್ನು ಚುನಾವಣಾ ಆಯೋಗಕ್ಕೆ ತಿಳಿಸಬೇಕಿಲ್ಲವೆಂಬ ರಿಯಾಯಿತಿಯನ್ನೂ ಮರುಪರಿಶೀಲಿಸಬೇಕು. ಇವು ಪಕ್ಷಗಳು ತಾವಾಗಿಯೇ ಒಪ್ಪುವ ಸುಧಾರಣೆಗಳಲ್ಲ, ನಾವು ಕೇಳಬೇಕು. ಆದರೆ ಲಕೋಟೆ ಪಡೆದ ಕೈಯನ್ನೇ ಎತ್ತಿ ಲೆಕ್ಕ ಕೇಳುವುದು ಹೇಗೆ? ಮುಂದಿನ ಸಲ ನಮ್ಮ ಜಗಲಿಗೆ ಬರುವವರಲ್ಲಿ ನಾನು ಮೊದಲು ಕೇಳುವುದು ರಸೀದಿ ಪುಸ್ತಕವನ್ನು. ಆಮೇಲೆ ಕೆರೆಯ ಸಮಾಚಾರವನ್ನು.