ಒಂದು ಬೆರಳು ಎತ್ತಿದರೆ ಮೈನರ್

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ಮೇಜಿನ ಮೇಲೆ ಪಿ.ಯು.ಸಿ. ಭೌತಶಾಸ್ತ್ರದ ಪುಸ್ತಕ, ಮಂಚದ ಮೇಲೆ ಮಗಳು ಹಟ ಹಿಡಿದು ತರಿಸಿಕೊಂಡ ಗಿಟಾರು. “ಈ ವರ್ಷವೇ ಬೇಕಿತ್ತೇನಮ್ಮಾ ಇದು?” ಎಂಬುದು ಅಪ್ಪನ ಚಿಂತೆ. ಮಗಳದು ಬೇರೆಯೇ ಚಿಂತೆ. ವಾರವಾದರೂ ಬೆರಳ ತುದಿ ಉರಿಯುತ್ತಿದೆಯೇ ಹೊರತು ನಾದ ಹೊರಡುತ್ತಿಲ್ಲ. ಎಷ್ಟೋ ಗಿಟಾರುಗಳು ಅಟ್ಟ ಸೇರುವುದು ಇಂಥ ಹೊತ್ತಿನಲ್ಲೇ.

ಈ ಹಂತದಲ್ಲಿ ಕೈ ಹಿಡಿಯುವುದು ‘ಈ ಮೈನರ್’ ಎಂಬ ಕಾರ್ಡ್. ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಇದಕ್ಕೆ ಎರಡೇ ಬೆರಳು ಸಾಕು. ತೆಳು ತಂತಿಯನ್ನು ಒಂದನೆಯದೆಂದು ಎಣಿಸಿದರೆ ಎಲ್ಲಕ್ಕಿಂತ ದಪ್ಪನೆಯದು ಆರನೆಯದು. ಎಡಗೈಯ ನಡುಬೆರಳನ್ನು ಐದನೇ ತಂತಿಯ ಮೇಲೆ, ಉಂಗುರ ಬೆರಳನ್ನು ನಾಲ್ಕನೆಯದರ ಮೇಲೆ, ಎರಡನ್ನೂ ಎರಡನೇ ಫ್ರೆಟ್ಟಿನಲ್ಲಿ ಇಡಬೇಕು. ಫ್ರೆಟ್ ಎಂದರೆ ವೀಣೆಯ ಮೆಟ್ಟಿನಂಥದೇ. ಬೆರಳು ಆ ಲೋಹದ ಪಟ್ಟಿಯ ಮೇಲೆಯೇ ಕೂರದೆ ಅದರ ಹಿಂದೆ, ಒತ್ತಿಕೊಂಡಂತೆ ಇರಬೇಕು. ದೂರ ಸರಿದರೆ ತಂತಿ ಕರಕರ ಎನ್ನುತ್ತದೆ. ಹೆಚ್ಚು ಬಲವೂ ಬೇಕಾಗುತ್ತದೆ. ಉಗುರು ಕತ್ತರಿಸಿರಲಿ, ಬೆರಳು ಕಮಾನಿನಂತೆ ಬಾಗಿರಲಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಕೆಲವು ವಾರಗಳಲ್ಲಿ ತುದಿಯ ಚರ್ಮ ತಾನಾಗಿ ಗಟ್ಟಿಯಾಗುತ್ತದೆ.

ಈಗ ತೋರುಬೆರಳನ್ನು ಮೂರನೇ ತಂತಿಯ ಮೊದಲ ಫ್ರೆಟ್ಟಿಗೆ ಇಟ್ಟು ಆರೂ ತಂತಿ ಮೀಟಿ. ಅದು ‘ಈ ಮೇಜರ್’; ಬಿಸಿಲು ಬಿದ್ದ ಅಂಗಳದಂಥ ನಾದ. ತೋರುಬೆರಳು ಎತ್ತಿ ಮತ್ತೆ ಮೀಟಿ. ಮೋಡ ಕವಿದಂತಾಯಿತಲ್ಲವೇ? ಆರರಲ್ಲಿ ಐದು ತಂತಿಗಳು ಇದ್ದಂತೆಯೇ ಇವೆ. ಮೂರನೇ ತಂತಿಯ ಕಂಪನಾಂಕ ಮಾತ್ರ ಸುಮಾರು 208 ಹರ್ಟ್ಸ್‌ನಿಂದ 196ಕ್ಕೆ ಇಳಿಯಿತು. ಆಗಿದ್ದು ಇಷ್ಟೇ.

ಇದು ನಮ್ಮ ಸಂಗೀತಕ್ಕೆ ಹೊಸದಲ್ಲ. ‘ಈ’ ಸ್ವರವನ್ನು ಷಡ್ಜವೆಂದುಕೊಂಡರೆ (ಹಾರ್ಮೋನಿಯಂನವರು ಹೇಳುವ ಬಿಳಿ ಮೂರು) ಮೇಜರ್‌ನಲ್ಲಿರುವುದು ಸ, ಅಂತರ ಗಾಂಧಾರ, ಪ. ಮೈನರ್‌ನಲ್ಲಿ ಗಾಂಧಾರ ಮಾತ್ರ ಸಾಧಾರಣ ಗಾಂಧಾರ, ಹಿಂದೂಸ್ತಾನಿಯವರಿಗೆ ಕೋಮಲ. ಶಂಕರಾಭರಣಕ್ಕೂ ಖರಹರಪ್ರಿಯಕ್ಕೂ ಇರುವ ಮುಖ್ಯ ವ್ಯತ್ಯಾಸಗಳಲ್ಲಿ ಇದೂ ಒಂದು. ಆದ್ದರಿಂದ ಮೈನರ್ ಎಂದರೆ ದುಃಖ ಎಂಬ ಮಾತನ್ನು ಪೂರ್ತಿ ನಂಬಬೇಕಿಲ್ಲ. ಆಭೇರಿಯಲ್ಲೂ ಇದೇ ಗಾಂಧಾರವಿದೆ. ಅದನ್ನು ಕೇಳಿ ಅಳುವವರು ಯಾರು?

ಹಾಗಿದ್ದರೂ ಮೋಡ ಕವಿದಂತೆ ಕೇಳಿಸುವುದಕ್ಕೆ ತಂತಿಯಲ್ಲೇ ಒಂದು ಕಾರಣವಿದೆ. ಮೀಟಿದ ತಂತಿ ಒಂದೇ ಕಂಪನಾಂಕದಲ್ಲಿ ನಡುಗುವುದಿಲ್ಲ. ಅದರ ಎರಡರಷ್ಟು, ಮೂರರಷ್ಟು, ಐದರಷ್ಟರಲ್ಲೂ ನಡುಗುತ್ತದೆ. ದಪ್ಪ ತಂತಿಯ 82.4 ಹರ್ಟ್ಸ್‌ನ ಐದರಷ್ಟು 412. ಮೇಜರ್‌ನ 208ರ ಎರಡರಷ್ಟು ಸುಮಾರು 415, ಹೆಚ್ಚುಕಡಿಮೆ ಕೂಡಿಬರುತ್ತದೆ. ಮೈನರ್‌ನ 196ರ ಎರಡರಷ್ಟು 392. 412ಕ್ಕೂ 392ಕ್ಕೂ 20ರ ಅಂತರವಿರುವುದರಿಂದ ಅವು ಒಂದಕ್ಕೊಂದು ಸ್ವಲ್ಪ ತಿಕ್ಕಾಡುತ್ತವೆ. ಉಳಿದದ್ದು ಕಿವಿಯ ರೂಢಿ. ಇದೆಲ್ಲ ಮೇಜಿನ ಮೇಲಿನ ಪುಸ್ತಕದ ‘ತರಂಗಗಳು’ ಪಾಠಕ್ಕೇ ಸೇರಿದ್ದು ಎಂಬುದನ್ನು ಅಪ್ಪನಿಗೆ ಹೇಳಬಹುದು.

ಅಪ್ಪನಿಗೆ ಇನ್ನೂ ಧೈರ್ಯ ಬೇಕಿದ್ದರೆ ರಘು ದೀಕ್ಷಿತ್ ಇದ್ದಾರೆ. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ಚಿನ್ನದ ಪದಕ ಪಡೆದವರು, ಭರತನಾಟ್ಯ ಕಲಿತವರು. ಗಿಟಾರು ಹಿಡಿದದ್ದು ಕಾಲೇಜಿನಲ್ಲಿ ಗೆಳೆಯನೊಬ್ಬ ಒಡ್ಡಿದ ಸವಾಲಿಗಾಗಿ. ಮುಂದೆ ಶಿಶುನಾಳ ಶರೀಫರ ಪದಗಳು ಅದೇ ಗಿಟಾರಿನ ಜೊತೆ ದೇಶವಿದೇಶ ಸುತ್ತಿದವು. ಹಾಗೆಂದು ಗಿಟಾರು ಹಿಡಿದವರಿಗೆಲ್ಲ ಪದಕ ಬರುತ್ತದೆಂದಲ್ಲ.

ಈ ಮೈನರ್ ಕೂತ ಮೇಲೆ ಒಂದು ಚಮತ್ಕಾರ ನೋಡಿ. ಮೂರು ಬೆರಳಿನ ‘ಈ ಮೇಜರ್’ ಆಕಾರವನ್ನು ಹಾಗೆಯೇ ಒಂದೊಂದು ತಂತಿ ತೆಳುವಿನ ಕಡೆಗೆ ಸರಿಸಿ, ದಪ್ಪ ತಂತಿಯನ್ನು ಬಿಟ್ಟು ಮೀಟಿ. ಆಕಾರ ಅದೇ, ಆದರೆ ಕೇಳಿಸುವುದು ‘ಎ ಮೈನರ್’! ಅಕ್ಕಪಕ್ಕದ ತಂತಿಗಳ ನಡುವೆ ಐದೈದು ಅರ್ಧಸ್ವರಗಳ ಅಂತರವಿದ್ದರೆ, ಮೂರನೆಯದಕ್ಕೂ ಎರಡನೆಯದಕ್ಕೂ ನಡುವೆ ಮಾತ್ರ ನಾಲ್ಕೇ ಇದೆ. ಆ ಕಡಿಮೆಯಾದ ಒಂದು ಅರ್ಧಸ್ವರವೇ ಗಾಂಧಾರವನ್ನು ಇಳಿಸಿಬಿಟ್ಟಿತು.