ಅಡಿಕೆ ಅಂಗಳದಲ್ಲೇ ಬಿಚ್ಚಿದ ಪವರ್ ಸ್ಟೇರಿಂಗ್ ರ‍್ಯಾಕ್

ವಾರಕ್ಕೆ ಎರಡು ದಿನ ಬೆಳಗಿನ ಜಾವ ಆಗುಂಬೆ ಘಾಟಿ ಇಳಿದು ಉಡುಪಿಗೆ ತರಕಾರಿ ಒಯ್ಯೋದು ನನ್ನ ರೂಢಿ. ಹಳೇ ಡೀಸೆಲ್ ಕಾರು. ಹಿಂದಿನ ಸೀಟು ತೆಗೆದು ಕ್ರೇಟ್ ಇಡಲು ಜಾಗ ಮಾಡಿಕೊಂಡಿದ್ದೇನೆ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಕಳೆದ ಮಳೆಗಾಲದ ಕೊನೆಯಲ್ಲಿ ಒಂದು ದಿನ, ಅಪ್ಪ ಪಕ್ಕದಲ್ಲಿ ಕೂತಿದ್ದಾಗ, ನಡು ತಿರುವಿನಲ್ಲಿ ಸ್ಟೇರಿಂಗ್ ಕಲ್ಲಾಯಿತು. ಎರಡೂ ಕೈ ಹಾಕಿ ಎಳೆದು ಹೇಗೋ ತಿರುಗಿಸಿದೆ. ಎದುರಿಗೆ ಬಸ್ ಬರದಿದ್ದದ್ದು ಪುಣ್ಯ. ಅಪ್ಪ ಉಡುಪಿ ಮುಟ್ಟುವವರೆಗೂ ಒಂದು ಮಾತಾಡಲಿಲ್ಲ.

ತಪ್ಪು ನನ್ನದೇ. ಎರಡು ತಿಂಗಳಿಂದ ಸ್ಟೇರಿಂಗ್ ಎಣ್ಣೆ ಕಮ್ಮಿ ಆಗ್ತಾ ಇತ್ತು, ನಾನು ಸುರೀತಾ ಇದ್ದೆ. ಗಿಡ ಬಾಡಿದರೆ ಬೇರು ನೋಡದೆ ನೀರು ಹಾಕಬೇಡಿ ಅಂತ ಬೇರೆಯವರಿಗೆ ಹೇಳುವವನು ನಾನು!

ಮನೆಗೆ ಬಂದು ಕಾರಿನ ಅಡಿ ನೋಡಿದೆ. ರ‍್ಯಾಕ್ ಅಂದರೆ ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿರುವ ಹಲ್ಲಿನ ಕಂಬಿ ಮತ್ತು ಅದರ ಕೊಳವೆ. ನೀವು ಸ್ಟೇರಿಂಗ್ ತಿರುಗಿಸಿದಾಗ ಪಿನಿಯನ್ ಅನ್ನೋ ಸಣ್ಣ ಗಾಲಿ ಆ ಕಂಬಿಯನ್ನು ಆಚೀಚೆ ಸರಿಸುತ್ತೆ. ಪಂಪಿನಿಂದ ಬರುವ ಎಣ್ಣೆಯ ಒತ್ತಡ ನಿಮ್ಮ ಕೈಗೆ ಬಲ ಕೊಡುತ್ತೆ, ಅಷ್ಟೇ. ಕಂಬಿಯ ಎರಡು ತುದಿಗೂ ಮಡಿಕೆ ಮಡಿಕೆಯಾದ ರಬ್ಬರ್ ಬೂಟು ಇರುತ್ತೆ. ಎಡಗಡೆ ಬೂಟು ಹಿಚುಕಿದರೆ ಒಳಗೆ ಕೆಂಪೆಣ್ಣೆ ಕುಲುಕುತ್ತಿತ್ತು. ಕೆಳಗೊಂದು ಸೀಳು. ನಮ್ಮ ತೋಟದ ದಾರಿಯ ಕೆಸರು ಅಲ್ಲಿಂದ ಒಳಹೊಕ್ಕು, ಕಂಬಿಗೆ ತುಕ್ಕು ಹಿಡಿಸಿ, ಸೀಲನ್ನು ಕೊರೆದುಹಾಕಿತ್ತು. ಬೂಟಿನೊಳಗೆ ಎಣ್ಣೆ ಸಿಕ್ಕರೆ ತೊಂದರೆ ಪಂಪಿನದಲ್ಲ, ರ‍್ಯಾಕಿನದು. ತುಕ್ಕಿನ ಗುಳಿ ಬಿದ್ದ ಕಂಬಿಗೆ ಬರೀ ಹೊಸ ಸೀಲ್ ಹಾಕಿದರೆ ಅದೂ ಬೇಗ ಹರಿಯುತ್ತೆ. ಹಾಗಾಗಿ ಇಡೀ ರ‍್ಯಾಕನ್ನೇ ಬದಲಿಸಲು ನಿರ್ಧಾರ ಮಾಡಿದೆ.

ಗ್ಯಾರೇಜಿನವರು 24 ಸಾವಿರ ಅಂದರು. ರಿಕಂಡೀಷನ್ ಮಾಡಿದ ರ‍್ಯಾಕ್ ನನಗೆ ಒಂಬತ್ತೂವರೆ ಸಾವಿರಕ್ಕೆ ಸಿಕ್ಕಿತು. ಕಾಲೇಜಿನಲ್ಲಿ ನಾನು ಓದಿದ್ದು ತೋಟಗಾರಿಕೆ, ಆದರೆ ಪವರ್ ಟಿಲ್ಲರ್ ಬಿಚ್ಚಿ ಕಟ್ಟಿ ಅಭ್ಯಾಸ ಇತ್ತು. ಸ್ಪ್ಯಾನರ್ ಹಿಡಿಯೋದೇ ಹೊಸದು ಅನ್ನುವವರು ಈ ಕೆಲಸಕ್ಕೆ ಒಬ್ಬರೇ ಕೈ ಹಾಕಬೇಡಿ. ಕೆಲವು ಕಾರುಗಳಲ್ಲಿ ಎಂಜಿನ್ ಅಡಿಯ ಫ್ರೇಮನ್ನೇ ಇಳಿಸಬೇಕಾಗುತ್ತೆ, ಅದು ಮನೆ ಕೆಲಸವಲ್ಲ.

ಮಣ್ಣಿನ ನೆಲದಲ್ಲಿ ಜ್ಯಾಕ್ ಹೂತುಹೋಗುತ್ತೆ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳವೇ ಬೇಕಾಯಿತು. ಕೊಯ್ಲು ಹತ್ತಿರ ಬಂತು, ಅಲ್ಲಿ ಎಣ್ಣೆ ಚೆಲ್ಲೀಯ ಅಂತ ಅಪ್ಪ ಗದರಿದರು. ಟಾರ್ಪಾಲ್ ಹಾಸಿದ ಮೇಲೆ ಸುಮ್ಮನಾದರು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಭಾಗವನ್ನು ಎರಡು ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜ್ಯಾಕ್ ನಂಬಿ ಕಾರಿನ ಅಡಿಗೆ ಹೋಗಲೇಬೇಡಿ.

ಚಕ್ರ ನೇರ ಇಟ್ಟು, ಒಳಗೆ ಸ್ಟೇರಿಂಗ್ ಅಲುಗದಂತೆ ಸೀಟ್ ಬೆಲ್ಟಿನಿಂದ ಬಿಗಿದೆ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಸ್ಟೇರಿಂಗ್ ಸುಮ್ಮನೆ ಸುತ್ತಿಬಿಟ್ಟರೆ ಒಳಗಿನ ಸುರುಳಿ ತಂತಿ ಕಡಿದುಹೋಗುತ್ತೆ. ಎಣ್ಣೆ ಬಸಿದು ಒತ್ತಡದ ಪೈಪು, ವಾಪಸ್ ಪೈಪು ಎರಡನ್ನೂ ಬಿಡಿಸಿದೆ. ಇಲ್ಲಿ ಹಳೇ ಸ್ಪ್ಯಾನರ್ ಜಾರಿದರೆ ನಟ್ಟಿನ ಮೂಲೆ ಸವೆದು ಫಜೀತಿ. ಟೈ ರಾಡ್ ಬಿಚ್ಚುವ ಮೊದಲು ಎಷ್ಟು ಸುತ್ತು ಥ್ರೆಡ್ ಹೊರಗಿದೆ ಅಂತ ಎಣಿಸಿ ಬರೆದುಕೊಂಡೆ. ಹೊಸದನ್ನೂ ಅಷ್ಟಕ್ಕೇ ನಿಲ್ಲಿಸಿದರೆ ಅಲೈನ್‌ಮೆಂಟ್ ಅಂಗಡಿ ತನಕ ಕಾರು ನೆಟ್ಟಗೆ ಹೋಗುತ್ತೆ. ಟೈ ರಾಡ್ ತುದಿಯ ನಟ್ ಸಡಿಲಿಸಿ, ಅದು ಕೂತಿರುವ ಕಬ್ಬಿಣದ ತೋಳಿನ ಪಕ್ಕಕ್ಕೆ ಸುತ್ತಿಗೆಯಿಂದ ಜೋರಾಗಿ ಎರಡು ಕೊಟ್ಟರೆ ಕಳಚಿಕೊಳ್ಳುತ್ತೆ. ಥ್ರೆಡ್ ಮೇಲೆ ಹೊಡೆದರೆ ಅದು ಮತ್ತೆ ಕೆಲಸಕ್ಕೆ ಬಾರದು.

ಹೊಸ ರ‍್ಯಾಕನ್ನು ಒಂದು ಕೊನೆಯಿಂದ ಇನ್ನೊಂದಕ್ಕೆ ತಿರುಗಿಸಿ ಸುತ್ತು ಎಣಿಸಿ, ಸರಿಯಾಗಿ ಅರ್ಧಕ್ಕೆ ನಿಲ್ಲಿಸಿ ಕೂರಿಸಿದೆ. ಬೋಲ್ಟೆಲ್ಲ ಬಿಗಿದೆ. ಕತ್ತಲಾಗ್ತಾ ಬಂದಿತ್ತು. ಆಗ ಒಂದು ಅನುಮಾನ. ಸ್ಟೇರಿಂಗ್ ಸರಳನ್ನು ಪಿನಿಯನ್ನಿಗೆ ಸೇರಿಸುವ ಜಾಯಿಂಟಿನ ಬೋಲ್ಟು ಬಿಚ್ಚುವಾಗ ಬಹಳ ಸತಾಯಿಸಿತ್ತು, ಹಾಕುವಾಗ ಬೆಣ್ಣೆಯಂತೆ ಹೋಯಿತು. ಆ ಬೋಲ್ಟು ಪಿನಿಯನ್ ಮೇಲಿನ ಗಾಡಿಯಲ್ಲಿ ಕೂರಬೇಕು. ಟಾರ್ಚ್ ಹಿಡಿದು ಜಾಯಿಂಟನ್ನು ಮೇಲಕ್ಕೆ ಎಳೆದೆ. ಒಂದು ಬೆರಳಗಲ ಎದ್ದುಬಂತು! ಸರಳು ಪೂರ್ತಿ ಇಳಿದೇ ಇರಲಿಲ್ಲ, ಬೋಲ್ಟು ಗಾಡಿಯನ್ನು ಬಿಟ್ಟು ಪಕ್ಕದಲ್ಲೇ ಹಾದುಹೋಗಿತ್ತು. ಹಾಗೇ ಘಾಟಿಗೆ ಹೋಗಿದ್ದರೆ ಸ್ಟೇರಿಂಗ್ ಕೈಯಲ್ಲೇ ಇರುತ್ತಿತ್ತು, ಚಕ್ರ ಮಾತ್ರ ತಿರುಗುತ್ತಿರಲಿಲ್ಲ. ಆವತ್ತು ಕೆಲಸ ನಿಲ್ಲಿಸಿದೆ. ಮರುದಿನ ಬೆಳಕಲ್ಲಿ ಬಿಚ್ಚಿ, ಪೂರ್ತಿ ಕೂರಿಸಿ ಬಿಗಿದೆ. ಬಿಗಿದ ಒಂದೊಂದು ಬೋಲ್ಟಿಗೂ ನರ್ಸರಿ ಮಾರ್ಕರಿನಿಂದ ಗೆರೆ ಎಳೆದೆ. ಗೆರೆ ಇಲ್ಲದ್ದು ಅಂದರೆ ನೋಡದ್ದು ಅಂತ ಲೆಕ್ಕ.

ಎಣ್ಣೆ ಯಾವುದು ಅಂತ ನಿಮ್ಮ ಕಾರಿನ ಪುಸ್ತಕ ನೋಡಿ, ಊಹೆ ಬೇಡ. ನನ್ನದಕ್ಕೆ ಕೆಂಪು ಎಟಿಎಫ್. ತುಂಬಿಸಿದ ಮೇಲೆ ಎಂಜಿನ್ ಹಚ್ಚದೆ, ಮುಂದಿನ ಚಕ್ರ ಗಾಳಿಯಲ್ಲಿರುವಾಗಲೇ, ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ಇಪ್ಪತ್ತು ಸಲ ತಿರುಗಿಸಿದೆ. ಮಟ್ಟ ಇಳಿದಂತೆ ಮತ್ತೆ ಸುರಿಯಬೇಕು. ನೊರೆ ಬಂದರೆ ಒಳಗೆ ಗಾಳಿ ಇದೆ ಅಂತ, ಡ್ರಿಪ್ ಲೈನಿನಲ್ಲಿ ಗಾಳಿ ಸಿಕ್ಕಿಕೊಂಡ ಹಾಗೆ. ಎಂಜಿನ್ ಹಚ್ಚಿದ ಮೇಲೆ ಇನ್ನೊಂದಷ್ಟು ಸಲ. ಕೊನೆಗೆ ಒಯ್ದು ಒತ್ತಿ ಹಿಡಿಯಬೇಡಿ, ಪಂಪಿಗೆ ಹಿಂಸೆ. ಎಂಜಿನ್ ಓಡುವಾಗ ಸೋರಿಕೆ ಇದೆಯಾ ಅಂತ ಬೆರಳಿಂದ ಮುಟ್ಟಿ ನೋಡಲೂಬೇಡಿ. ಒತ್ತಡದ ಎಣ್ಣೆ ಚರ್ಮ ತೂರಿ ಒಳಹೋಗುತ್ತೆ. ರಟ್ಟಿನ ತುಂಡು ಹಿಡಿದು ನೋಡಿ.

ಮೊದಲ ಸಲ ಓಡಿಸಿದ್ದು ತೋಟದ ದಾರಿಯಲ್ಲಿ, ಆಮೇಲೆ ಅಲೈನ್‌ಮೆಂಟಿಗೆ. ಘಾಟಿ ಇಳಿದದ್ದು ಖಾಲಿ ಗಾಡಿಯಲ್ಲಿ, ಹಗಲು ಹೊತ್ತಲ್ಲಿ. ಈಗ ತಿಂಗಳಿಗೊಮ್ಮೆ ಎರಡೂ ಬೂಟು ತೊಳೆದು ಸೀಳು ಬಿಟ್ಟಿದೆಯಾ ನೋಡ್ತೇನೆ. ಬರೀ ಬೂಟು ಬದಲಿಸೋದು ಕೆಲವೇ ನೂರು ರೂಪಾಯಿ ಮಾತು.

ಬಸಿದ ಹಳೇ ಎಣ್ಣೆ ಸುಮಾರು ಒಂದು ಲೀಟರ್ ಇತ್ತು. ಬೇಲಿ ಕಂಬಕ್ಕೆ ಗೆದ್ದಲು ಹಿಡಿಯದಂತೆ ಬಳಿಯೋಕೆ ಕೊಡು ಅಂತ ಪಕ್ಕದ ಮನೆಯವರು ಕೇಳಿದರು. ಆ ಬೇಲಿಯಾಚೆಗೆ ನನ್ನ ಶುಂಠಿ ಸಾಲು ಇದೆ. ಕೊಡಲಿಲ್ಲ. ಮುಚ್ಚಳ ಬಿಗಿದು, ಹಳೇ ಎಣ್ಣೆ ಸಂಗ್ರಹಿಸುವವರಿಗೆ ಒಯ್ದು ಕೊಟ್ಟೆ. ಅವರು ಇನ್ನೂ ಸ್ವಲ್ಪ ಮುನಿಸಿನಲ್ಲೇ ಇದ್ದಾರೆ.