ಏಕಶಿಲೆಯ ಮೇಲೊಂದು ಇರುಳು: ಬಂಡೆ, ಮಂಜು, ನಕ್ಷತ್ರ

ಹಳೆಯ ಮೈಸೂರು ಸೀಮೆಯ ಬಯಲಿನಿಂದ ಥಟ್ಟನೆ ಮೇಲೆದ್ದು ನಿಂತಿರುವ ಸಾವನದುರ್ಗ, ಮಧುಗಿರಿ, ಸ್ಕಂದಗಿರಿ ಮೊದಲಾದವು ಯಾವುದೇ ಉದ್ದನೆಯ ಪರ್ವತಸಾಲಿನ ಶಿಖರಗಳಲ್ಲ. ಸುತ್ತಲಿನ ನೆಲ ಕೋಟ್ಯಂತರ ವರ್ಷಗಳ ಕಾಲ ಸವೆದು ತಗ್ಗಾದ ಮೇಲೂ ಸವೆಯದೆ ಉಳಿದ ಗಟ್ಟಿ ಕಲ್ಲಿನ ಒಂಟಿ ಗುಡ್ಡಗಳಿವು. ಭೂವಿಜ್ಞಾನಿಗಳು ಇಂಥವನ್ನು ಇನ್ಸೆಲ್‌ಬರ್ಗ್ ಎನ್ನುತ್ತಾರೆ. ಸಾವನದುರ್ಗ ಮತ್ತು ಮಧುಗಿರಿಯ ಕಲ್ಲು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂಬ ಪಟ್ಟಿಗೆ ಸೇರಿದ್ದು, ರಾಮನಗರದ ಹಳೆಯ ಹೆಸರನ್ನು ಹೊತ್ತ ಈ ಶಿಲೆ ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ ಕರಗಿದ ದ್ರವವಾಗಿದ್ದು ನಿಧಾನವಾಗಿ ತಣಿದು ಗಟ್ಟಿಯಾಯಿತು. ಮೇಲಿದ್ದ ಭಾರವೆಲ್ಲ ಸವೆದುಹೋದಾಗ, ಒತ್ತಡ ಕಳೆದುಕೊಂಡ ಶಿಲೆ ಹಿಗ್ಗಿ, ಮೈಗೆ ಸಮಾನಾಂತರವಾಗಿ ಬಿರಿದು, ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಕಳಚತೊಡಗಿತು. ಸಾವನದುರ್ಗದ ಬೋಳು ನೆತ್ತಿಗೆ ಆ ದುಂಡು ಬಂದದ್ದು ಹೀಗೆ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಈ ಬೆಟ್ಟವನ್ನು ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಎಣಿಸುತ್ತಾರೆ.

ಮರವಿಲ್ಲದ ಈ ಬೋಳುತನವೇ ಇರುಳಿನ ವೀಕ್ಷಕನಿಗೆ ಒದಗುವ ಮೊದಲ ಅನುಕೂಲ. ಪಶ್ಚಿಮ ಘಟ್ಟದ ಕಾಡುಬೆಟ್ಟಗಳು ಎಷ್ಟೇ ಎತ್ತರವಿದ್ದರೂ ಅಲ್ಲಿ ದಿಗಂತದ ಒಂದಿಲ್ಲೊಂದು ಪಾಲನ್ನು ಮರವೋ ಪಕ್ಕದ ಗುಡ್ಡವೋ ಮರೆಮಾಡುತ್ತದೆ. ಹಾಸುಬಂಡೆಯ ನೆತ್ತಿಯ ಮೇಲಾದರೋ ಆಕಾಶ ನಾಲ್ಕೂ ದಿಕ್ಕಿಗೆ ತೆರೆದಿರುತ್ತದೆ. ಬಂಡೆಗೆ ಇನ್ನೊಂದು ಗುಣವೂ ಇದೆ. ಹಗಲೆಲ್ಲ ಬಿಸಿಲುಂಡ ಕಲ್ಲು ಸಂಜೆಯಾದರೂ ಕಾವು ಬಿಡುತ್ತಲೇ ಇರುವುದರಿಂದ, ಮೊದಲ ಕೆಲವು ತಾಸು ಅದರ ಮೇಲಿನ ಗಾಳಿ ಕದಡುತ್ತದೆ. ನಕ್ಷತ್ರಗಳು ಅತಿಯಾಗಿ ಮಿನುಗುವುದಕ್ಕೂ ದೂರದರ್ಶಕದಲ್ಲಿ ಗ್ರಹದ ಅಂಚು ಅದುರಿದಂತೆ ಕಾಣುವುದಕ್ಕೂ ಈ ಕದಡಿದ ಗಾಳಿ ಒಂದು ಕಾರಣ. ನಡುರಾತ್ರಿ ಕಳೆದು ಕಲ್ಲು ತಣಿದ ಮೇಲೆಯೇ ನೋಟ ತಿಳಿಯಾಗುವುದು.

ಕಲ್ಲು ಹೀಗೆ ತಣಿಯುತ್ತಿರುವಾಗ ಕೆಳಗಿನ ಬಯಲಿನಲ್ಲಿ ಇನ್ನೊಂದು ಕ್ರಿಯೆ ನಡೆಯುತ್ತಿರುತ್ತದೆ. ಸಾಮಾನ್ಯವಾಗಿ ಮೇಲೇರಿದಂತೆ ಉಷ್ಣಾಂಶ ಪ್ರತಿ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಆದರೆ ಮೋಡವಿಲ್ಲದ, ಗಾಳಿ ನಿಂತ ಚಳಿಗಾಲದ ಇರುಳಿನಲ್ಲಿ ನೆಲ ತನ್ನ ಶಾಖವನ್ನು ಬೇಗ ಚೆಲ್ಲಿಬಿಡುವುದರಿಂದ, ಅದಕ್ಕೆ ತಗುಲಿದ ಗಾಳಿಯೂ ತಂಪಾಗಿ, ಭಾರವಾಗಿ, ಇಳಿಜಾರುಗಳಿಂದ ಜಾರಿ ಕಣಿವೆಯಲ್ಲಿ ಶೇಖರವಾಗುತ್ತದೆ. ಕೆಳಗೆ ಹೆಚ್ಚು ಚಳಿ, ಮೇಲೆ ಕಡಿಮೆ ಚಳಿ ಎಂಬ ಈ ತಿರುವುಮುರುವಾದ ಸ್ಥಿತಿಯೇ ಉಷ್ಣಾಂಶದ ವಿಲೋಮ. ಕೆರೆ ಮತ್ತು ಗದ್ದೆಗಳ ತೇವ ಆ ತಣ್ಣನೆಯ ಪದರದಲ್ಲಿ ಮಂಜಾಗಿ ಸಾಂದ್ರಗೊಳ್ಳುತ್ತದೆ, ಮೇಲಿನ ಬೆಚ್ಚನೆಯ ಪದರ ಅದಕ್ಕೆ ಮುಚ್ಚಳ ಹಾಕುತ್ತದೆ. ಚಿಕ್ಕಬಳ್ಳಾಪುರದ ಬಳಿಯ ಸ್ಕಂದಗಿರಿಯ ತುದಿಯಿಂದ ಕಾಣುವ ‘ಮೋಡದ ಕಡಲು’ ಎಷ್ಟೋ ಸಲ ಇಂಥ ಮಂಜೇ ಆಗಿರುತ್ತದೆ. ಮಳೆಗಾಲದ ಆಸುಪಾಸಿನಲ್ಲಾದರೆ ನಿಜವಾದ ತಗ್ಗುಮೋಡ. ಮಂಜು ದಟ್ಟವಾಗಿದ್ದರೆ ಕೆಳಗಿನ ಊರುಗಳ ದೀಪಗಳನ್ನು ಅದೇ ಮುಚ್ಚಿಬಿಡುವುದರಿಂದ ಮೇಲಿನ ಆಕಾಶ ಇನ್ನಷ್ಟು ಕಪ್ಪಾಗುವುದುಂಟು. ಛಾಯಾಚಿತ್ರದ ಆಸೆಗೆ ಮಂಜನ್ನು ಹಾರೈಸುವವರು ಈ ಲಾಭವನ್ನು ಗಮನಿಸುವುದು ಕಡಿಮೆ.

ಕಲ್ಲು ಮತ್ತು ಗಾಳಿಗಿಂತ ಹೆಚ್ಚಿನ ಭಾಗ್ಯ ಈ ಬೆಟ್ಟಗಳಿಗೆ ಒದಗಿರುವುದು ಅವು ಇರುವ ಅಕ್ಷಾಂಶದಿಂದ. ಭೂಮಧ್ಯರೇಖೆಯಿಂದ ಉತ್ತರಕ್ಕೆ 13 ಡಿಗ್ರಿಯ ಆಸುಪಾಸಿನಲ್ಲಿ ನಿಂತವರಿಗೆ ಧ್ರುವನಕ್ಷತ್ರ ಉತ್ತರ ದಿಗಂತದಿಂದ ಅಷ್ಟೇ, ಎಂದರೆ 13 ಡಿಗ್ರಿ ಮೇಲೆ ಕಾಣುತ್ತದೆ. ಊರೊಳಗಿನ ಧೂಳು ಮತ್ತು ಕಟ್ಟಡಗಳ ನಡುವೆ ಸುಲಭವಾಗಿ ಕಳೆದುಹೋಗುವ ಈ ತಗ್ಗಿನ ತಾರೆ ಬೆಟ್ಟದ ನೆತ್ತಿಯಿಂದ ನಿರಾಯಾಸವಾಗಿ ಸಿಗುತ್ತದೆ. ಅದೇ ಹೊತ್ತಿಗೆ ದಕ್ಷಿಣ ಗೋಳದ ಬಹುಪಾಲು ನಕ್ಷತ್ರಗಳೂ ಇಲ್ಲಿ ದಿಗಂತದ ಮೇಲೆ ಬರುತ್ತವೆ. ಜನವರಿಯ ನಡುವಿನಲ್ಲಿ, ಬೆಳಗಿನ ಜಾವ 5 ಗಂಟೆ ದಾಟುತ್ತಿದ್ದಂತೆ, ಉತ್ತರದಲ್ಲಿ ಸಪ್ತರ್ಷಿ ಮಂಡಲ ತನ್ನ ಅತಿ ಎತ್ತರದ ಸ್ಥಾನವನ್ನು ಮುಟ್ಟಿರುತ್ತದೆ. ಅದರ ಕ್ರತು ಮತ್ತು ಪುಲಹ ಎಂಬ ಎರಡು ತಾರೆಗಳನ್ನು ಜೋಡಿಸಿದ ಗೆರೆ ಧ್ರುವನತ್ತ ಹೋಗುತ್ತದೆ. ನೋಡುಗ ಅಲ್ಲೇ ಬೆನ್ನು ತಿರುಗಿಸಿದರೆ ದಕ್ಷಿಣದಲ್ಲಿ, 14ರಿಂದ 20 ಡಿಗ್ರಿ ಎತ್ತರದಲ್ಲಿ, ತ್ರಿಶಂಕು ಎಂಬ ನಕ್ಷತ್ರಪುಂಜ ನೆಟ್ಟಗೆ ನಿಂತಿರುತ್ತದೆ. ಅದರ ಎಡಕ್ಕೆ ಕೆಳಗಿರುವ ಎರಡು ಪ್ರಖರ ತಾರೆಗಳಲ್ಲಿ ಆಲ್ಫಾ ಸೆಂಟಾರಿ ಎಂಬುದು ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರಕೂಟ. ದೂರ ಸುಮಾರು 4.3 ಜ್ಯೋತಿರ್ವರ್ಷ, ಅಂದರೆ ಬೆಳಕು ಅಷ್ಟು ವರ್ಷ ಪಯಣಿಸಿ ದಾಟುವ ಅಂತರ. ಆಗ್ನೇಯದಲ್ಲಿ ವೃಶ್ಚಿಕದ ಕೆಂಪು ಜ್ಯೇಷ್ಠಾ, ಆಕಾಶದಲ್ಲಿ ಎತ್ತರಕ್ಕೆ ಚಿತ್ತಾ ಮತ್ತು ಸ್ವಾತಿ. ದೆಹಲಿಯಲ್ಲಿ ತ್ರಿಶಂಕು ದಿಗಂತಕ್ಕೆ ಅಂಟಿಕೊಂಡು ಕಾಣಿಸೀತು ಅಷ್ಟೆ, ಲಂಡನ್ನಿನಲ್ಲಿ ಅದು ಮೂಡುವುದೇ ಇಲ್ಲ. ಆಸ್ಟ್ರೇಲಿಯದವರಿಗೆ ಧ್ರುವ ಎಂದೂ ಕಾಣದು. ಎರಡನ್ನೂ ಒಂದೇ ಕಲ್ಲಿನ ಮೇಲೆ ನಿಂತು ನೋಡುವ ಅವಕಾಶ ದಕ್ಷಿಣ ಭಾರತದ ನಿಜವಾದ ಖಗೋಳ ಸಂಪತ್ತು. ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿ, ಬಹುತೇಕ ಇದೇ ಅಕ್ಷಾಂಶದಲ್ಲಿ, ಖಗೋಳವಿಜ್ಞಾನಿ ವೈನು ಬಾಪು ವೀಕ್ಷಣಾಲಯವನ್ನು ಕಟ್ಟಲು ಜಾಗ ಆರಿಸಿದಾಗ ದಕ್ಷಿಣ ಆಕಾಶ ಎಟುಕುವ ಈ ಅನುಕೂಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಈ ಸಂಪತ್ತನ್ನು ನುಂಗುವುದು ನಗರದ ದೀಪಗಳ ಹೊಳಪು. ಸ್ಕಂದಗಿರಿಯಿಂದ ಬೆಂಗಳೂರು ದಕ್ಷಿಣಕ್ಕೆ ಬೀಳುವುದರಿಂದ ತ್ರಿಶಂಕು ಮತ್ತು ಅಗಸ್ತ್ಯ ತಾರೆಗಳು ಆ ಹೊಳಪಿನಲ್ಲೇ ಮುಳುಗುತ್ತವೆ. ಸಾವನದುರ್ಗದಲ್ಲಿ ಪೂರ್ವದಿಕ್ಕು ಮಾಸುತ್ತದೆ. ಮಂಜಿಗೆ ಸ್ಕಂದಗಿರಿ, ನಕ್ಷತ್ರಕ್ಕೆ ರಾಜಧಾನಿಯಿಂದ ಇನ್ನೂ ದೂರದ ಮಧುಗಿರಿಯ ಸುತ್ತಲಿನ ಬೆಟ್ಟಗಳು ಎನ್ನುವುದು ನ್ಯಾಯವಾದ ತೀರ್ಮಾನ. ಚಂದ್ರನ ವಿಷಯದಲ್ಲಿ ಪಂಚಾಂಗ ನೋಡಿದರೆ ಸಾಕು: ಹುಣ್ಣಿಮೆಯ ಆಸುಪಾಸು ದಾರಿಗೆ ಒಳ್ಳೆಯದು, ತಾರೆಗಳಿಗೆ ಕೆಟ್ಟದ್ದು, ಶುಕ್ಲ ಪಕ್ಷದ ಸಪ್ತಮಿ-ಅಷ್ಟಮಿಯ ಚಂದ್ರ ನಡುರಾತ್ರಿಯ ಸುಮಾರಿಗೆ ಮುಳುಗುವುದರಿಂದ ಎರಡಕ್ಕೂ ಒಪ್ಪುತ್ತಾನೆ. ಮನುಷ್ಯನ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಏಕೆಂದರೆ ಅಕ್ಷಿಪಟದ ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ಬೆಳಕುಗ್ರಾಹಿ ವಸ್ತು ಮತ್ತೆ ಕೂಡಿಕೊಳ್ಳಲು ಅಷ್ಟು ಹೊತ್ತು ಹಿಡಿಯುತ್ತದೆ. ಒಮ್ಮೆ ಮೊಬೈಲ್ ಪರದೆ ಬೆಳಗಿದರೆ ಆ ಅರ್ಧ ತಾಸು ವ್ಯರ್ಥ. ದಂಡಕೋಶಗಳಿಗೆ ಕೆಂಪು ಬೆಳಕು ಅಷ್ಟಾಗಿ ತಾಕದ ಕಾರಣ ಅನುಭವಿಗಳು ಟಾರ್ಚಿನ ಬಾಯಿಗೆ ಕೆಂಪು ಹಾಳೆ ಕಟ್ಟುತ್ತಾರೆ.

ಸೂರ್ಯ ದಿಗಂತದ ಕೆಳಗೆ 18 ಡಿಗ್ರಿಗೆ ಬಂದಾಗ ಖಗೋಳ ಸಂಧ್ಯೆ ಆರಂಭವಾಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಅದು ಸೂರ್ಯೋದಯಕ್ಕೆ ಸುಮಾರು 70ರಿಂದ 80 ನಿಮಿಷ ಮುಂಚೆ. ಸೂರ್ಯ 6 ಡಿಗ್ರಿಗೆ ಏರಿದಾಗ ಬರುವ ನಾಗರಿಕ ಸಂಧ್ಯೆಯಲ್ಲಿ ದೀಪವಿಲ್ಲದೆ ದಾರಿ ಕಾಣುತ್ತದೆ. ಎಲ್ಲರೂ ಪೂರ್ವಕ್ಕೆ ಮುಖಮಾಡಿ ಕಾಯುವ ಆ ಹೊತ್ತಿನಲ್ಲಿ ಪಶ್ಚಿಮ ದಿಗಂತದ ಮೇಲೆ ನೀಲಿಬೂದು ಪಟ್ಟಿಯೊಂದು ಕಾಣುತ್ತದೆ. ಅದು ವಾತಾವರಣದ ಮೇಲೆ ಬಿದ್ದ ಭೂಮಿಯ ನೆರಳು. ಅದರ ಮೇಲಿನ ನಸುಗೆಂಪು ಅಂಚು ‘ವೀನಸ್ಸಿನ ಪಟ್ಟಿ’. ಸೂರ್ಯ ಮೇಲೇರಿದಂತೆ ನೆರಳು ಕುಸಿದು ಮರೆಯಾಗುತ್ತದೆ. ಬಯಲಿಗಿಂತ 400 ಮೀಟರ್ ಎತ್ತರದಲ್ಲಿ ನಿಂತವರಿಗೆ ದಿಗಂತ ಸುಮಾರು 75 ಕಿಲೋಮೀಟರ್ ದೂರ ಸರಿಯುವುದರಿಂದ, ಬುಡದಲ್ಲಿರುವ ಹಳ್ಳಿಗಿಂತ ಅವರಿಗೆ ಸೂರ್ಯ ಎರಡು ನಿಮಿಷಕ್ಕೂ ತುಸು ಮುಂಚೆ ಕಾಣುತ್ತಾನೆ. ಆ ಬಿಂಬವೂ ಪೂರ್ತಿ ದುಂಡಗಿರುವುದಿಲ್ಲ: ವಾತಾವರಣ ಕಿರಣಗಳನ್ನು ಬಾಗಿಸುವಾಗ ಕೆಳಅಂಚನ್ನು ಮೇಲಂಚಿಗಿಂತ ಹೆಚ್ಚು ಎತ್ತುವುದರಿಂದ ಅದು ಚಪ್ಪಟೆಯಾಗಿ ತೋರುತ್ತದೆ. ಪಶ್ಚಿಮದ ಕಣಿವೆಯಲ್ಲಿ ಮಂಜು ಉಳಿದಿದ್ದರೆ, ಆ ಕಡೆಯ ಅಂಚಿನಲ್ಲಿ ನಿಂತವರಿಗೆ ಮಂಜಿನ ಮೇಲೆ ತಮ್ಮ ನೆರಳೂ ಅದರ ತಲೆಯ ಸುತ್ತ ಬಣ್ಣದ ಉಂಗುರಗಳೂ ಕಾಣಬಹುದು. ‘ಗ್ಲೋರಿ’ ಎನಿಸಿಕೊಂಡ ಈ ಉಂಗುರ ನೀರಿನ ಸಣ್ಣ ಹನಿಗಳು ಬೆಳಕನ್ನು ಬಂದ ದಾರಿಗೇ ಚೆದುರಿಸುವುದರಿಂದ ಉಂಟಾಗುತ್ತದೆ, ಮತ್ತು ಪ್ರತಿಯೊಬ್ಬರಿಗೂ ಉಂಗುರ ತಮ್ಮ ತಲೆಯ ಸುತ್ತ ಮಾತ್ರ ಕಾಣುತ್ತದೆ.

ಇಷ್ಟೆಲ್ಲ ನೋಡಬೇಕಾದವರು ಬೆಟ್ಟದ ಕಟ್ಟುಪಾಡುಗಳನ್ನೂ ತಿಳಿದಿರಬೇಕು. ಹಲವು ಬೆಟ್ಟಗಳಲ್ಲಿ ಇರುಳು ತಂಗಲು ಅನುಮತಿಯಿಲ್ಲ. ಅರಣ್ಯ ಇಲಾಖೆಯ ಅಧೀನದಲ್ಲಿರುವ ಚಾರಣದಾರಿಗಳಿಗೆ ಮುಂಗಡ ನೋಂದಣಿ ಮಾಡಿಸಿ, ನಿಗದಿಯಾದ ಸಮಯಕ್ಕೆ ಹೊರಡಬೇಕು. ಚಿರತೆ ಮತ್ತು ಕರಡಿಗಳು ಓಡಾಡುವ ಈ ಕುರುಚಲು ಕಾಡಿನಲ್ಲಿ ಒಬ್ಬರೇ ಹೋಗುವುದು ಸಾಹಸವಲ್ಲ, ಅವಿವೇಕ. ಕಡಿದಾದ ಬಂಡೆಗೋಡೆಗಳಲ್ಲಿ ಹೆಜ್ಜೇನು ಗೂಡು ಕಟ್ಟಿರುತ್ತದೆ. ಹೊಗೆ ಮತ್ತು ಪ್ರಖರ ದೀಪ ಅದನ್ನು ಕೆಣಕುತ್ತವೆ. ಬಂಡೆಯ ಮೇಲೆ ಬೆಂಕಿ ಹಾಕುವುದು ಇನ್ನೊಂದು ಕಾರಣಕ್ಕೂ ತಪ್ಪು: ಕಾವಿಗೆ ಗ್ರಾನೈಟ್ ಪದರ ಬಿಡುತ್ತದೆ, ಬೆಂಗಳೂರಿನ ಸುತ್ತಲಿನ ಕಲ್ಲುಕುಟಿಗರು ಹಿಂದೆ ಇದೇ ಗುಣವನ್ನು ಬಳಸಿ, ಬೆಂಕಿ ಹಚ್ಚಿ ಅಗಲವಾದ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದರು.

ಸೂರ್ಯ ಮೂಡಿದೊಡನೆ ಇಳಿಯುವ ಅವಸರ ಬೇಡ. ರಾತ್ರಿಯ ಇಬ್ಬನಿ ಹೀರಿದ ಕಲ್ಲುಹೂವು ಮತ್ತು ದೊಣೆಗಳ ಅಂಚಿನ ಪಾಚಿ ಆಗ ಅತ್ಯಂತ ಜಾರುವ ಸ್ಥಿತಿಯಲ್ಲಿರುತ್ತವೆ. ಬಿಸಿಲು ಬಿದ್ದು ಬಂಡೆಯ ಮೈ ಒಣಗಿದ ಮೇಲೆ, ಏರಿದ ಗುರುತಿನ ದಾರಿಯಲ್ಲೇ ಇಳಿಯತಕ್ಕದ್ದು.